ನೀಲಿ ಅಂದ್ರೆ ಖಾಲಿ ಅಲ್ಲ

ಸಂಪಾದಕರಿಗೆ ನಮಸ್ಕಾರ,

ನೀರಲ್ಲಿ ಹಸಿರು ಎಷ್ಟಿದೆ ಅಂತ ತೋರ್ಸೋ ಅರಬ್ಬಿ ಸಮುದ್ರದ ಸ್ಯಾಟಲೈಟ್ ಮ್ಯಾಪ್ ಹಾಕಿ, ಬೇಸಿಗೇಲಿ ಕರಾವಳಿಯಿಂದಾಚೆ ನೀಲಿಯಾಗಿ ಕಾಣೋ ಜಾಗವೆಲ್ಲ ಜೀವವಿಲ್ಲದ ಮರುಭೂಮಿ ಅಂತ ಬರೆದಿದ್ರಲ್ಲ, ಓದಿ ತುಂಬಾ ಬೇಜಾರಾಯ್ತು. ನಾನು ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡೋಳು, ಕ್ಲಾಸಲ್ಲಿ ಅರ್ಧ ಮಕ್ಕಳು ಮೀನುಗಾರರ ಮನೆಯವ್ರು, ಅವ್ರೇ ಪೇಪರ್ ಕಟಿಂಗ್ ತಂದು "ಟೀಚರ್, ಅಲ್ಲಿ ಏನೂ ಇಲ್ವಂತೆ, ಹೌದಾ?" ಅಂತ ಕೇಳಿದ್ರು, ಅದಕ್ಕೇ ಈ ಪತ್ರ.

ಮಾರ್ಚಿಂದ ಮೇವರೆಗೆ ಗಾಳಿ ಕಮ್ಮಿ, ಬಿಸಿಲು ಜಾಸ್ತಿ, ಕಾದ ನೀರು ಹಗುರಾಗಿ ಮೇಲೇ ನಿಂತ್ಬಿಡುತ್ತೆ, ಕೆಳಗಿನ ತಣ್ಣೀರಲ್ಲಿರೋ ನೈಟ್ರೇಟ್ ಅನ್ನೋ ಗೊಬ್ಬರ ಮೇಲಕ್ಕೆ ಬರಲ್ಲ. ಆಗ ಅಲ್ಲಿರೋ, ಗಿಡಗಳ ಹಾಗೆ ಬಿಸಿಲಲ್ಲಿ ಬೆಳೆಯೋ ಹಸಿರು ಕೋಶಗಳು ಬಹುಪಾಲು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು, ಕೆಲವು ಅದಕ್ಕಿಂತ್ಲೂ ಚಿಕ್ಕವು. ಇಷ್ಟು ಚಿಕ್ಕವನ್ನ ಕೋಪಿಪಾಡ್ (ಸಿಗಡಿಯ ದೂರದ ನೆಂಟ, ತೇಲಾಡೋ ಪುಟ್ಟ ಪ್ರಾಣಿ) ಹಿಡಿಯೋಕಾಗಲ್ಲ. ಬಾಲ ಬೀಸ್ಕೊಂಡು ಈಜೋ ಫ್ಲ್ಯಾಜೆಲೇಟ್, ರೋಮ ಆಡಿಸ್ಕೊಂಡು ಈಜೋ ಸಿಲಿಯೇಟ್, ಹೀಗೆ ಒಂದೇ ಕೋಶದ ಜೀವಿಗಳೇ ಇಲ್ಲಿ ಮೇಯೋದು. ಪ್ರಪಂಚದ ಸಮುದ್ರಗಳಲ್ಲಿ ದಿನಾ ಬೆಳೆಯೋ ಹಸಿರಲ್ಲಿ ಸರಾಸರಿ ಮೂರರಲ್ಲಿ ಎರಡು ಪಾಲು ಇವುಗಳ ಹೊಟ್ಟೆಗೇ ಹೋಗುತ್ತೆ. ಅಂದ್ರೆ ಮ್ಯಾಪಲ್ಲಿ ಕಾಣೋ ಕ್ಲೋರೋಫಿಲ್, ಅದೇ ಆ ಕೋಶಗಳ ಹಸಿರು ಬಣ್ಣ, ಇವು ತಿಂದು ಮಿಕ್ಕಿದ್ದು, ತಟ್ಟೇಲಿ ಉಳಿದಿದ್ದನ್ನ ನೋಡಿ ಎಷ್ಟು ಅಡುಗೆ ಆಗಿತ್ತು ಅಂತ ಹೇಳೋಕಾಗುತ್ತಾ?

ಹಾಗಾದ್ರೆ ಈ ಮೇಯೋ ಜೀವಿಗಳು ಯಾಕೆ ಇನ್ನೂ ಹೆಚ್ಚಾಗಲ್ಲ ಅನ್ನೋದೇ ನಿಜವಾದ ಪ್ರಶ್ನೆ. ಒಂದು ಕಾರಣ ಊಟ ದೂರದೂರ ಚದುರಿರೋದು. ಇಂಥ ನೀರಲ್ಲಿ ಬ್ಯಾಕ್ಟೀರಿಯಾ, ಸಣ್ಣ ಹಸಿರು ಕೋಶ ಎಲ್ಲಾ ಸೇರಿಸಿದ್ರೂ ನೀರಿನ ಗಾತ್ರದಲ್ಲಿ ಕೋಟಿಗೆ ಒಂದು ಪಾಲೂ ಆಗಲ್ಲ, ಅದಕ್ಕೇ ಫ್ಲ್ಯಾಜೆಲೇಟ್ ಗಂಟೆಗೆ ತನ್ನ ಮೈಗಿಂತ ಲಕ್ಷದಿಂದ ಹತ್ತು ಲಕ್ಷ ಪಟ್ಟು ನೀರು ಸೋಸುತ್ತೆ. ಅಷ್ಟು ಸೋಸಿದ್ರೂ ದಿನಕ್ಕೆ ಸಿಗೋದು ಹೆಚ್ಚಂದ್ರೆ ಹೆಚ್ಚುಕಮ್ಮಿ ತನ್ನ ಮೈಯಷ್ಟು ಊಟ, ಅದ್ರಲ್ಲೂ ಮೈಗೆ ಸೇರೋದು ಮೂರನೇ ಒಂದು ಪಾಲಿನಷ್ಟು, ಮಿಕ್ಕಿದ್ದು ಉಸಿರಾಟಕ್ಕೆ ಹೋಗುತ್ತೆ, ಅಮೋನಿಯಂ ಆಗಿ ಹೊರಗೆ ಬರುತ್ತೆ (ಆ ಅಮೋನಿಯಂ ತಗೊಂಡೇ ಹಸಿರು ಕೋಶಗಳು ಮತ್ತೆ ಬೆಳೆಯೋದು, ಮೇಯೋರೇ ಹೊಲಕ್ಕೆ ಗೊಬ್ಬರ ಹಾಕ್ದಂಗೆ).

ಆದ್ರೆ ಬರೀ ಊಟ ಸಾಲಲ್ಲ ಅಂತ ಹೇಳಿದ್ರೆ ಅರ್ಧ ಮಾತ್ರ ಹೇಳ್ದಂಗೆ. ಫ್ಲ್ಯಾಜೆಲೇಟನ್ನ ಸಿಲಿಯೇಟ್ ತಿನ್ನುತ್ತೆ, ಸಿಲಿಯೇಟನ್ನ ಕೋಪಿಪಾಡ್ ಹುಡುಕಿ ತಿನ್ನುತ್ತೆ, ಯಾಕಂದ್ರೆ ಡಯಾಟಮ್ ಅನ್ನೋ ದೊಡ್ಡ ಹಸಿರು ಕೋಶಗಳು ಇಲ್ಲದ ಕಾಲದಲ್ಲಿ ಅದರ ಬಾಯಿಗೆ ಸಿಗೋ ಗಾತ್ರದ ಊಟ ಇದೇ. ಕೆಳಗಿಂದ ಹಸಿವು, ಮೇಲಿಂದ ಬಾಯಿ, ಎರಡೂ ಸೇರಿ ಇವುಗಳನ್ನ ಹಿಡಿದಿಡುತ್ತೆ, ಹೊಸ ನೈಟ್ರೇಟ್ ಇಲ್ಲದಿದ್ರೂ ಒಳಗೊಳಗೇ ವ್ಯವಹಾರ ಜೋರಾಗೇ ನಡೀತಿರುತ್ತೆ.

ಇದು ಬರೀ ಥಿಯರಿ ಅಲ್ಲ. ಅರಬ್ಬಿ ಸಮುದ್ರದ ಮೇಲಿನ ಪದರದಲ್ಲಿ ಹಸಿರು ಕಾಲಕಾಲಕ್ಕೆ ಏರಿಳಿದ್ರೂ ಕೋಪಿಪಾಡ್‌ನಂಥ ಪ್ರಾಣಿಗಳ ಒಟ್ಟು ತೂಕ ಅಷ್ಟೇನೂ ಬದಲಾಗಲ್ಲ ಅಂತ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಮಧುಪ್ರತಾಪ್ ಮತ್ತವರ ಜೊತೆಯವರು 1996ರಲ್ಲೇ ಬರೆದಿದ್ರು, ಬೇಸಿಗೇಲಿ ಅವುಗಳನ್ನ ಸಾಕೋದು ಈ ಸಣ್ಣ ಜೀವಿಗಳ ಸರಪಳಿ ಅಂತ ಅವ್ರ ವಿವರಣೆ.

ದಯವಿಟ್ಟು ಮುಂದಿನ ಸಲ ಮ್ಯಾಪ್ ಹಾಕಿದಾಗ ಅದು ಮೇಲ್ಪದರದಲ್ಲಿ ಉಳಿದಿರೋ ಹಸಿರನ್ನ ಮಾತ್ರ ತೋರ್ಸುತ್ತೆ ಅಂತ ಒಂದು ಸಾಲು ಸೇರ್ಸಿ. ನಮ್ಮ ಸ್ಕೂಲ್ ಮೈಕ್ರೋಸ್ಕೋಪಲ್ಲಿ ಮಕ್ಕಳು ನೋಡಿದ ಸಿಲಿಯೇಟ್‌ಗಳ ಫೋಟೋ ಇದೆ, ದಡದ ನೀರಿನವೇ ಆದ್ರೂ ಚೆನ್ನಾಗಿ ಬಂದಿವೆ, ಬೇಕಂದ್ರೆ ಕಳಿಸ್ತೀನಿ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ, ಹೊನ್ನಾವರ