ಒಂದೇ ಸಾಲಿನ ತಪ್ಪಿಗೆ ಮೂರನೇ ಸಲದ ದೂರು

ಇವರಿಗೆ,
ವ್ಯವಸ್ಥಾಪಕರು, ಲೀಸ್ಡ್ ಲೈನ್ ವಿಭಾಗ, ಮುಂಬೈ

ವಿಷಯ: ನಮ್ಮ ವಿಳಾಸಗಳಿಗೆ ದಾರಿ ತೋರುವ ಎರಡು /24 ರೂಟ್‌ಗಳನ್ನು ನಿಮ್ಮ ರೂಟರ್ ಮತ್ತೆ ತಡೆದಿರುವುದು

ಸರ್, ನಮಸ್ಕಾರ.

ಇಂಗ್ಲಿಷಿನಲ್ಲಿ ಹನ್ನೊಂದು ಮೇಲ್ ಹಾಕಿದೆ. ಟಿಕೆಟ್ ನಂಬರ್ ಬಿಟ್ಟು ಬೇರೇನೂ ಬರಲಿಲ್ಲ. ಈ ಲಿಂಕ್ ಕೊಡುವಾಗ ನೀವೇ ನಮ್ಮ ಸಾಕಿನಾಕಾ ಆಫೀಸಿಗೆ ಬಂದಿದ್ರಿ. ಕನ್ನಡದಲ್ಲೇ ಮಾತಾಡಿ, "ಏನೇ ತೊಂದ್ರೆ ಆದ್ರೂ ನಾನಿದ್ದೀನಿ" ಅಂದಿದ್ರಿ. ಆ ಮಾತು ನೆನಪಿಟ್ಟುಕೊಂಡು ನಿಮಗೇ ಬರೆಯುತ್ತಿದ್ದೇನೆ.

ನಮ್ಮದು ಸ್ವಂತ /23 ಬ್ಲಾಕ್, ಅಂದರೆ 512 ಐಪಿ (ಇಂಟರ್ನೆಟ್) ವಿಳಾಸ. ಅದನ್ನು ತಲಾ 256 ವಿಳಾಸದ ಎರಡು /24 ತುಂಡು ಮಾಡಿ ನಿಮ್ಮ 200 ಎಂಬಿಪಿಎಸ್ ಲಿಂಕಿನಲ್ಲಿ, ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ತಿಳಿಸುವ ಬಿಜಿಪಿ ಮೂಲಕ ಹೇಳುತ್ತೇವೆ. ಇಡೀ /23 ಅನ್ನು ಬೇರೆ ಕಂಪನಿಯ 20 ಎಂಬಿಪಿಎಸ್ ಲಿಂಕಿನಲ್ಲಿ ಹೇಳುತ್ತೇವೆ, ಅದು ಬರೀ ಬ್ಯಾಕಪ್. ಚಿಕ್ಕ ತುಂಡಿನ ರೂಟ್ ಇದ್ದರೆ ಎಲ್ಲರೂ ಅದನ್ನೇ ಹಿಡಿಯುತ್ತಾರೆ ಅಲ್ವಾ? ಹಾಗಾಗಿ ಹೊರಗಿನಿಂದ ಬರುವುದೆಲ್ಲ ನಿಮ್ಮ ಲಿಂಕಿನಲ್ಲೇ ಬರಬೇಕು.

ಆದರೆ ನಿಮ್ಮಲ್ಲಿ ಮೇಂಟೆನೆನ್ಸ್ ಆದಾಗಲೆಲ್ಲ ನಮ್ಮ ಪ್ರಿಫಿಕ್ಸ್ ಲಿಸ್ಟ್, ಅಂದರೆ ನಮ್ಮ ಯಾವ ರೂಟ್ ಒಳಗೆ ಬಿಡಬೇಕು ಎಂಬ ನಿಮ್ಮ ಫಿಲ್ಟರ್ ಪಟ್ಟಿ, ಹಳೆಯದಕ್ಕೆ ಹೋಗಿ ಕೂರುತ್ತದೆ. ಅದರಲ್ಲಿ ಬರೀ /23 ಇರುತ್ತದೆ, ಕೊನೆಗೆ '/24ರವರೆಗಿನ ತುಂಡನ್ನೂ ಬಿಡು' ಅನ್ನುವ 'ಎಲ್‌ಇ 24' ಇರುವುದಿಲ್ಲ. ಅದಿಲ್ಲದಿದ್ದರೆ ಸರಿಯಾಗಿ /23 ಬಂದರೆ ಮಾತ್ರ ಒಳಗೆ ಬಿಡುತ್ತದೆ. ನಮ್ಮ ಎರಡೂ /24 ಬಾಗಿಲಲ್ಲೇ ಬಿದ್ದುಹೋಗುತ್ತವೆ. ಎರಡು ರೂಟರ್ ನಡುವಿನ ಬಿಜಿಪಿ ಸೆಷನ್ ಮಾತ್ರ ಅಪ್ ಇರುತ್ತದೆ, ದೀಪ ಹಸಿರೇ ಇರುತ್ತದೆ. ಇದು ನನ್ನ ಊಹೆ ಅಲ್ಲ. ಮೊದಲ ಸಲ ಹೀಗಾದಾಗ ನಿಮ್ಮ ರಾತ್ರಿ ಪಾಳಿಯ ಇಂಜಿನಿಯರ್ ಫೋನಿನಲ್ಲೇ ಆ ಸಾಲನ್ನು ಓದಿ ಹೇಳಿ, ಸರಿ ಮಾಡಿದರು. ಎರಡು ನಿಮಿಷದ ಕೆಲಸ.

ಈ ಸಲ ಆರು ದಿನ ಆಯಿತು. ನಮ್ಮ ಗಿರಾಕಿಗಳಾದ ನಲವತ್ತಾರು ಹೋಟೆಲಿನ ಬಿಲ್ಲಿಂಗ್, ಆನ್‌ಲೈನ್ ಆರ್ಡರ್, ಸಿಸಿಟಿವಿ ಎಲ್ಲ ಆ 20 ಎಂಬಿಪಿಎಸ್ ಲಿಂಕಿಗೆ ನುಗ್ಗುತ್ತಿವೆ. ಮಧ್ಯಾಹ್ನ ಒಂದು ಗಂಟೆಗೆ, ಊಟದ ಹೊತ್ತಿಗೆ ಸರಿಯಾಗಿ, ಬಿಲ್ ನಿಂತುಬಿಡುತ್ತದೆ.

ಗುರುವಾರ ಚೆಂಬೂರಿನ ಶೆಟ್ರು ಸ್ವತಃ ಆಫೀಸಿಗೆ ಬಂದರು. ನಮ್ಮ ಮೊದಲ ಗಿರಾಕಿ ಅವರು. ಅವರು ಚಹಾ ಕುಡಿಯುತ್ತಾ ಕೂತಿದ್ದಾಗಲೇ ನಿಮ್ಮ ಫೀಲ್ಡ್ ಹುಡುಗ ಬಂದ. ನಮ್ಮ ರೂಟರಿನಿಂದ ನಿಮ್ಮ ವೈರ್ ಕಿತ್ತು ತನ್ನ ಲ್ಯಾಪ್‌ಟಾಪಿಗೆ ಹಾಕಿದ. ಸ್ಪೀಡ್ 196 ಬಂತು. ಲ್ಯಾಪ್‌ಟಾಪನ್ನು ನನ್ನ ಕಡೆ ಅಲ್ಲ, ಶೆಟ್ರ ಕಡೆ ತಿರುಗಿಸಿ, "ದೇಖಿಯೇ ಅಂಕಲ್, ಲೈನ್ ಏಕ್‌ದಂ ಕ್ಲೀನ್ ಹೈ" ಅಂದ.

ನಾನು ಸಮಾಧಾನದಿಂದಲೇ ಹೇಳಿದೆ. ನಿನ್ನ ಲ್ಯಾಪ್‌ಟಾಪಿಗೆ ಇರುವುದು ನಿಮ್ಮ ಕಂಪನಿಯ ವಿಳಾಸ. ಅದು ಓಡೇ ಓಡುತ್ತದೆ. ನಮ್ಮ ಬ್ಲಾಕಿನ ವಿಳಾಸ ಹಾಕಿ ನೋಡು. ಅವನು ಸೀನಿಯರ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಸೀನಿಯರ್ ಮೊದಲು ರೂಟರ್ ಆಫ್ ಮಾಡಿ ಆನ್ ಮಾಡಿ ಅಂದರು. ಬೆಳಿಗ್ಗೆಯೇ ಮಾಡಿದ್ದೇನೆ ಅಂದೆ. ಕೇಬಲ್ ಬದಲಾಯಿಸಿ ಅಂದರು. ದಯವಿಟ್ಟು ನಮ್ಮ ಪ್ರಿಫಿಕ್ಸ್ ಲಿಸ್ಟ್ ಒಮ್ಮೆ ಓದಿ ಅಂದೆ. ಆಗ ಬಂದ ಮಾತು: "ಸರ್, ನೀವು ಬಿಜಿಪಿ ಎಲ್ಲಾದ್ರೂ ಕಲ್ತಿದ್ದೀರಾ, ಸುಮ್ನೆ ಕಾಪಿ ಪೇಸ್ಟ್ ಮಾಡಿದ್ದೀರಾ?" ಆ ಕಡೆ ಇನ್ಯಾರೋ ನಕ್ಕರು.

ಶೆಟ್ರು ಅರ್ಧ ಕಪ್ ಚಹಾ ಹಾಗೇ ಕೆಳಗಿಟ್ಟರು. "ನಿನಗೆ ಆಗದಿದ್ರೆ ಗೊತ್ತಿರೋರನ್ನ ಕರಿ ಮಾರಾಯಾ" ಅಂದು ಎದ್ದು ಹೋದರು. ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ ಸರ್. ಆ ರಾತ್ರಿ ನಿದ್ದೆ ಬರಲಿಲ್ಲ.

ನಿಮ್ಮ ಫಿಲ್ಟರ್ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಅದು ಬೇಕೇ ಬೇಕು. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ಯೂಟ್ಯೂಬಿನ /22 ಬ್ಲಾಕಿನೊಳಗಿನ ಒಂದು /24 ಅನ್ನು ತನ್ನದೆಂದು ಹೇಳಿತು. ಅವರಿಗೆ ಇಂಟರ್ನೆಟ್ ಕೊಡುತ್ತಿದ್ದ ಮೇಲಿನ ಕಂಪನಿ ಅದನ್ನು ತಡೆಯದೆ ಮುಂದಕ್ಕೆ ಬಿಟ್ಟಿತು. ಸುಮಾರು ಎರಡು ಗಂಟೆ ಜಗತ್ತಿನ ಬಹುಪಾಲು ಕಡೆ ಯೂಟ್ಯೂಬ್ ಸಿಗಲಿಲ್ಲ. ಅಂಥದ್ದನ್ನು ತಡೆಯಲಿಕ್ಕೇ ಫಿಲ್ಟರ್ ಇರುವುದು. ನಮ್ಮ ಬ್ಲಾಕ್ ನಮ್ಮದೇ. ಆರ್‌ಒಎ, ಅಂದರೆ ಈ ಬ್ಲಾಕನ್ನು ಯಾವ ನೆಟ್‌ವರ್ಕ್ ಹೇಳಬಹುದು ಎಂಬ ಸಹಿಯಾದ ದಾಖಲೆ, ಮಾಡಿದ್ದೇವೆ, ಅದರಲ್ಲಿ ಗರಿಷ್ಠ ಉದ್ದ 24 ಅಂತಲೇ ಇದೆ. ಗ್ರಾಹಕರ ರೂಟ್ /24ರವರೆಗೆ ತೆಗೆದುಕೊಳ್ಳುತ್ತೇವೆ ಅಂತ ನನ್ನ ಹತ್ತಿರ ಸಹಿ ಹಾಕಿಸಿಕೊಂಡ ನಿಮ್ಮ ಫಾರ್ಮಿನಲ್ಲೇ ಬರೆದಿದೆ. ನಿಮ್ಮ ನಿಯಮ ನಿಮಗೆ ನಾನು ಓದಿ ಹೇಳಬೇಕಾ?

ಪುರಾವೆ ಜೊತೆಗಿಟ್ಟಿದ್ದೇನೆ. ನಮ್ಮ ರೂಟರ್ ಎರಡೂ /24 ಕಳಿಸಿದ್ದು ಒಂದು ಪುಟ. ಹೊರಗಿನ ಮೂರು ಲುಕಿಂಗ್ ಗ್ಲಾಸ್‌ಗಳಲ್ಲಿ (ಬೇರೆ ನೆಟ್‌ವರ್ಕಿಗೆ ಯಾವ ರೂಟ್ ಕಾಣುತ್ತದೆ ಅಂತ ತೋರಿಸುವ ವೆಬ್ ಪುಟಗಳು) ಬರೀ /23 ಕಾಣುತ್ತಿರುವುದು, ಅದೂ ಇನ್ನೊಂದು ಕಂಪನಿಯ ಮೂಲಕ, ಇನ್ನು ಮೂರು ಪುಟ.

ಸೋಮವಾರ ಸಂಜೆ ಆರರೊಳಗೆ ಆ ಸಾಲು ಸರಿಯಾಗಬೇಕು. ರೂಟರಿನಲ್ಲಿ ಮಾತ್ರ ಸರಿ ಮಾಡಿದರೆ ಸಾಲದು, ಲಿಸ್ಟ್ ತಯಾರಾಗುವ ಮೂಲ ದಾಖಲೆಯಲ್ಲೇ ಆಗಬೇಕು. ಇಲ್ಲದಿದ್ದರೆ ಈ ತಿಂಗಳ ಬಿಲ್ ಕಟ್ಟುವುದಿಲ್ಲ. ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ನಮ್ಮ ಕಟ್ಟಡದಲ್ಲಿ ನಿಮ್ಮ ಲಿಂಕ್ ತಗೊಂಡ ಇನ್ನೂ ಒಂಬತ್ತು ಆಫೀಸ್ ಇವೆ. ಅವರಿಗೂ ಈ ಪುಟಗಳನ್ನು ತೋರಿಸುತ್ತೇನೆ.

ಇನ್ನೊಂದು ಮಾತು. ಸರಿ ಮಾಡಿದ ಮೇಲೂ ನಾನು ಸುಮ್ಮನಿರುವುದಿಲ್ಲ. ಆ ಸೀನಿಯರ್ ಚೆಂಬೂರಿಗೆ ಹೋಗಬೇಕು. ಶೆಟ್ರ ಗಲ್ಲಾದ ಎದುರು ನಿಂತು, ತಪ್ಪು ನಮ್ಮ ಕಡೆಯದು ಅಂತ ಹೇಳಬೇಕು.

ಇತಿ,
ನೆಟ್‌ವರ್ಕ್ ಮೇಲ್ವಿಚಾರಕ, ಸಾಕಿನಾಕಾ