ಸಂದರ್ಶನಕ್ಕೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ವಾರ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನ ಕಾರ್ಖಾನೆಗಳಿಗೆ ಕೆಲಸದ ಸಂದರ್ಶನಕ್ಕೆ ಹೋಗುವವರು ಓದಿ. ಹೊಸ ಬಟ್ಟೆ ಬೇಕಿಲ್ಲ. ತಿಳಿ ಬಣ್ಣದ ತುಂಬು ತೋಳಿನ ಅಂಗಿ, ಕಪ್ಪು ಇಲ್ಲವೇ ನೀಲಿ ಪ್ಯಾಂಟು ಸಾಕು. ಹುಡುಗಿಯರಿಗೆ ಚೂಡಿದಾರ ಆಗುತ್ತದೆ, ಇಳಕಲ್ ಸೀರೆಯೂ ಚೆಂದ. ಆದರೆ ಉಟ್ಟು ರೂಢಿ ಇಲ್ಲದವರು ಅವತ್ತೇ ಪ್ರಯೋಗ ಮಾಡಬೇಡಿ, ಗಮನವೆಲ್ಲ ನೆರಿಗೆ ಮೇಲೇ ಇರುತ್ತದೆ.

ಬೆಳಗಾವಿಯ ಜುಲೈ ಮಳೆ ಗೊತ್ತಲ್ವಾ? ಚಪ್ಪಲಿಯಲ್ಲಿ ಹೋಗಿ, ಬೂಟು ಅಲ್ಲೇ ಹಾಕಿಕೊಳ್ಳಿ. ನಾನು ಒಮ್ಮೆ ಕೆಸರು ಸಿಡಿದ ಪ್ಯಾಂಟಿನಲ್ಲೇ ಕೂತಿದ್ದೆ. ಅವರು ಏನು ಕೇಳಿದರೋ, ನನ್ನ ಕಣ್ಣೆಲ್ಲ ಮೊಣಕಾಲ ಮೇಲೆ! ಮಷಿನ್ ಹತ್ತಿರ ಕರೆದೊಯ್ದರೆ ದುಪಟ್ಟಾ ಪಿನ್ ಮಾಡಿರಲಿ. ಸೆಂಟು ಜಾಸ್ತಿ ಬೇಡ. ಛತ್ರಿ ಇಲ್ಲದವರು ಇವತ್ತೇ ಹೇಳಿ, ನಮ್ಮ ಮನೆಯಲ್ಲಿ ಎರಡಿವೆ.