ಕೋಚ್ ದೊಡ್ಡೋರಾದ್ರೆ ಕುರ್ಚಿ ಪರ್ಮನೆಂಟಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಹರಿಹರದ ಹಿರಿಯರೊಬ್ರು ಬರೆದಿದ್ದ ಪತ್ರ ಓದಿದೆ. ಅಷ್ಟೊಂದು ಕಪ್ ಗೆದ್ದುಕೊಟ್ಟ ಫುಟ್ಬಾಲ್ ಕೋಚನ್ನ ಟೀಮು ಸ್ವಲ್ಪ ಇಳೀತಿದ್ದಂಗೆ ತೆಗೀರಿ ಅನ್ನೋದು ಉಂಡ ಮನೆ ಜಂತೆ ಎಣಿಸಿದ ಹಾಗೆ, ಗರಡಿ ಉಸ್ತಾದರನ್ನ ಯಾರಾದ್ರೂ ಕೆಲಸದಿಂದ ತೆಗೀತಾರಾ ಅಂತ ಕೇಳಿದ್ರು. ಸರ್, ಒಳ್ಳೆ ಉದಾಹರಣೇನೇ ಕೊಟ್ಟಿದೀರಿ, ಆದ್ರೆ ಅದು ನಿಮ್ಮ ಕಡೆ ಅಲ್ಲ ನನ್ನ ಕಡೆ ವಾಲುತ್ತೆ. ದುಗ್ಗಮ್ಮನ ಜಾತ್ರೆ ಕುಸ್ತಿ ನೋಡಿದೋರಿಗೆ ಗೊತ್ತು, ವಯಸ್ಸಾದ ಉಸ್ತಾದ್ರು ಪೇಟ ಸುತ್ಕೊಂಡು ಅಖಾಡದ ಪಕ್ಕ ಕೂತಿರ್ತಾರೆ, ಅವರ ಕಾಲಿಗೆ ಬೀಳದೆ ಯಾವ ಪೈಲ್ವಾನನೂ ಮಣ್ಣಿಗೆ ಇಳಿಯಲ್ಲ, ಆದ್ರೆ ದಿನಾ ಬೆಳಗ್ಗೆ ಹುಡುಗರಿಗೆ ತಾಲೀಮು ಮಾಡ್ಸೋನು ಅವರ ಶಿಷ್ಯ. ಮರ್ಯಾದೆ ಒಬ್ರಿಗೆ, ಕೆಲಸ ಇನ್ನೊಬ್ರಿಗೆ. ಫುಟ್ಬಾಲ್ ಕ್ಲಬ್ಬುಗಳು ಇವೆರಡನ್ನೂ ಒಂದೇ ಕುರ್ಚಿ ಮೇಲೆ ಕೂರ್ಸೋಕೆ ಹೋಗಿ ಎಡವ್ತಾವೆ.

ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಕಥೇನೇ ತಗೊಳ್ಳಿ. ಆರ್ಸೆನ್ ವೆಂಗರ್ 1996ರಲ್ಲಿ ಕೋಚಾಗಿ ಬಂದ್ರು, 1998, 2002, 2004 ಮೂರು ಸಲ ಲೀಗ್ ಗೆದ್ರು, ಅದ್ರಲ್ಲೂ 2003-04ರಲ್ಲಿ ಇಡೀ ಸೀಸನ್ ಒಂದೂ ಲೀಗ್ ಮ್ಯಾಚ್ ಸೋಲಲಿಲ್ಲ, ಒಟ್ಟು 49 ಲೀಗ್ ಮ್ಯಾಚ್ ಸೋಲಿಲ್ಲದೆ ಹೋಯ್ತು ಆ ಟೀಮು. ಆಮೇಲೆ 2006ರಲ್ಲಿ ಹೊಸ ಎಮಿರೇಟ್ಸ್ ಸ್ಟೇಡಿಯಂಗೆ ಹೋದ್ರು, ಸಾಲ ತಲೆ ಮೇಲೆ ಬಂತು, ಒಳ್ಳೊಳ್ಳೆ ಪ್ಲೇಯರ್ಸ್ ಒಬ್ಬೊಬ್ರಾಗಿ ಬಿಟ್ಟು ಹೋದ್ರು, 2007ರಲ್ಲಿ ಆನ್ರಿ, 2011ರಲ್ಲಿ ಫ್ಯಾಬ್ರೆಗಾಸ್, 2012ರಲ್ಲಿ ವಾನ್ ಪರ್ಸಿ (ಅವ್ನು ಸೀದಾ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋಗಿ ಮುಂದಿನ ವರ್ಷನೇ ಅಲ್ಲಿ ಲೀಗ್ ಗೆಲ್ಸಿಬಿಟ್ಟ, ಆರ್ಸೆನಲ್ ಅಭಿಮಾನಿಗಳಿಗೆ ಇವತ್ತಿಗೂ ಹೊಟ್ಟೆ ಉರಿ). ಅಷ್ಟಾದ್ರೂ ವೆಂಗರ್ ಪ್ರತಿ ವರ್ಷ ಟಾಪ್ ನಾಲ್ಕರಲ್ಲಿ ಉಳಿಸಿದ್ರು. ಆ ಕಾಲದಲ್ಲಿ ತೆಗೀರಿ ಅಂದೋರಿಗೆ ಬುದ್ಧಿ ಇರಲಿಲ್ಲ ಅಂತ್ಲೇ ನಾನೂ ಹೇಳ್ತೀನಿ, ಕೈಯಲ್ಲಿ ಕಾಸಿಲ್ಲದೆ ಅಷ್ಟು ಮಾಡಿದ್ದೇ ದೊಡ್ದು.

ಆದ್ರೆ 2013ರಿಂದ ದುಡ್ಡು ಬಂತಲ್ಲ, ಓಝಿಲ್‌ನಂಥ ದೊಡ್ಡ ಪ್ಲೇಯರ್ಸ್ ಬಂದ್ರಲ್ಲ, ಆಮೇಲೂ ಅದೇ ಕಥೆ. ಫೆಬ್ರವರಿ ಮಾರ್ಚ್ ಬಂತು ಅಂದ್ರೆ ಟೀಮು ಕುಸಿಯೋದು, ಯುರೋಪಿನ ಕ್ಲಬ್ಬುಗಳು ಆಡೋ ಚಾಂಪಿಯನ್ಸ್ ಲೀಗ್‌ನಲ್ಲಿ ದೊಡ್ಡ ಟೀಮು ಸಿಕ್ಕಿದ್ರೆ ಒದೆ ತಿನ್ನೋದು. 2017ರಲ್ಲಿ ಜರ್ಮನಿಯ ಬಾಯರ್ನ್ ಮ್ಯೂನಿಕ್ ಅಲ್ಲೂ 5-1, ಇಲ್ಲೂ 5-1 ಹೊಡೀತು, ಒಟ್ಟು 10-2. ಅದೇ ತಿಂಗಳು ವೆಸ್ಟ್ ಬ್ರಾಮ್ ಗ್ರೌಂಡಲ್ಲಿ ಮ್ಯಾಚ್ ನಡೀತಿರ್ಬೇಕಾದ್ರೆ ಮೇಲೆ ಒಂದು ಸಣ್ಣ ವಿಮಾನ ಬಂತು, ಹೊಸ ಕಾಂಟ್ರ್ಯಾಕ್ಟ್ ಬೇಡ ಅಂತ ಬ್ಯಾನರ್ ಎಳ್ಕೊಂಡು. ಸ್ವಲ್ಪ ಹೊತ್ತಿಗೆ ಇನ್ನೊಂದು ವಿಮಾನ, ಅದ್ರಲ್ಲಿ ವೆಂಗರ್ ಮೇಲೆ ನಮಗೆ ನಂಬಿಕೆ ಇದೆ ಅಂತ! ದುಡ್ಡು ಕೊಟ್ಟು ಆಕಾಶದಲ್ಲಿ ಜಗಳ ಆಡೋ ಜನ, ಕೆಳಗೆ ಟೀಮು 3-1ರಲ್ಲಿ ಸೋಲ್ತು. ಆ ಸೀಸನ್ ಐದನೇ ಸ್ಥಾನ, 20 ವರ್ಷದಲ್ಲಿ ಮೊದಲನೇ ಸಲ ಟಾಪ್ ನಾಲ್ಕರಿಂದ ಹೊರಗೆ. ಆದ್ರೆ ಮೇ ಕೊನೇಲಿ ಎಫ್‌ಎ ಕಪ್ ಅನ್ನೋ ಇಂಗ್ಲೆಂಡಿನ ನಾಕೌಟ್ ಕಪ್ ಗೆದ್ರು, ಗೆದ್ದ ನಾಲ್ಕೇ ದಿನಕ್ಕೆ ಎರಡು ವರ್ಷದ ಹೊಸ ಕಾಂಟ್ರ್ಯಾಕ್ಟ್ ಅಂತ ಕ್ಲಬ್ ಹೇಳ್ತು. ಏನಾಯ್ತು? ಮುಂದಿನ ಸೀಸನ್ ಆರನೇ ಸ್ಥಾನ, ಟಿಕೆಟ್ ಖರ್ಚಾಗಿದ್ರೂ ಸ್ಟೇಡಿಯಂನಲ್ಲಿ ಸೀಟುಗಳು ಖಾಲಿ ಖಾಲಿ, 2018ರ ಏಪ್ರಿಲಲ್ಲಿ ಕಾಂಟ್ರ್ಯಾಕ್ಟ್ ಇನ್ನೂ ಒಂದು ವರ್ಷ ಇರ್ತಾನೇ ಹೋಗ್ತೀನಿ ಅಂದ್ರು.

ಇದ್ರಲ್ಲಿ ವೆಂಗರ್ ತಪ್ಪು ಎಷ್ಟೋ ಅಷ್ಟೇ ಆಡಳಿತ ಮಂಡಳಿ ತಪ್ಪೂ ಇದೆ, ನನ್ನ ಕೇಳಿದ್ರೆ ಅವರದ್ದೇ ಜಾಸ್ತಿ. ಅವರನ್ನ ಕರ್ಕೊಂಡು ಬಂದ, ಅವರ ಜೊತೆ ಕೂತು ಪ್ಲೇಯರ್ ತರ್ತಿದ್ದ ಡೇವಿಡ್ ಡೀನ್ ಅನ್ನೋ ವೈಸ್ ಚೇರ್ಮನ್ 2007ರಲ್ಲಿ ಕ್ಲಬ್ ಬಿಟ್ರು. ಆಮೇಲೆ ವೆಂಗರ್ ಎದುರು ಕೂತು, ಸಾರ್ ಇದು ಬೇಡ, ಈ ಡಿಫೆಂಡರ್ ಆಗಲ್ಲ ಅಂತ ಹೇಳೋ ಗಟ್ಟಿ ಮನುಷ್ಯ ಆ ಕ್ಲಬ್ಬಲ್ಲಿ ಇರಲಿಲ್ಲ. ಪ್ಲೇಯರ್ ಆರಿಸೋಕೆ ಬೇರೆ ತಜ್ಞರನ್ನ ತಂದಿದ್ದು 2017ರ ಕೊನೇಲಿ, ಊರೆಲ್ಲಾ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಂಗೆ.

ಬ್ರಯಾನ್ ಕ್ಲಫ್ ಅನ್ನೋ ಕೋಚ್ ಕಥೆ ಇನ್ನೂ ಸಂಕಟ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅಂತ ಎರಡನೇ ದರ್ಜೆ ಲೀಗಲ್ಲಿದ್ದ ಟೀಮನ್ನ 1975ರಲ್ಲಿ ತಗೊಂಡು 1978ರಲ್ಲಿ ಇಂಗ್ಲೆಂಡ್ ಚಾಂಪಿಯನ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್. ಅಂಥೋರನ್ನ ಹೋಗಿ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ ಹೇಳಿ. 1992ರಲ್ಲಿ ಡೆಸ್ ವಾಕರ್ ಹೋದ, ಶೆರಿಂಗ್‌ಹ್ಯಾಮ್‌ನ ಮಾರಿದ್ರು, ಆ ಜಾಗಕ್ಕೆ ಸರಿಯಾದೋರು ಬರಲಿಲ್ಲ, ಕ್ಲಫ್ ಆರೋಗ್ಯನೂ ಕುಡಿತದಿಂದ ಹಾಳಾಗಿತ್ತು, ಎಲ್ರೂ ನೋಡ್ತಾ ಕೂತ್ರು. 1993ರ ಮೇ 1, ಶೆಫೀಲ್ಡ್ ಯುನೈಟೆಡ್ ಎದುರು ಮನೆ ಗ್ರೌಂಡಲ್ಲೇ ಸೋತು ಮತ್ತೆ ಎರಡನೇ ದರ್ಜೆ ಲೀಗಿಗೆ ಬಿದ್ರು. ಯಾವಾಗಲೂ ಹಾಕ್ತಿದ್ದ ಅದೇ ಹಸಿರು ಸ್ವೆಟರ್ ಹಾಕ್ಕೊಂಡು ನಿಂತಿದ್ರು ಮನುಷ್ಯ, ಎರಡೂ ಕಡೆ ಅಭಿಮಾನಿಗಳು ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಹರಿಹರದ ಸರ್ ಇದನ್ನ ಪ್ರೀತಿ ಅಂತಾರೆ. ಪ್ರೀತಿನೇ, ಇಲ್ಲ ಅನ್ನಲ್ಲ, ಆದ್ರೆ ಎರಡು ವರ್ಷ ಮುಂಚೆ ಯಾರಾದ್ರೂ ಪಕ್ಕಕ್ಕೆ ಕರ್ದು ಮಾತಾಡಿದ್ರೆ ಅವರ ಕೊನೇ ಸೀಸನ್ ಪಟ್ಟಿ ತಳದಲ್ಲಿ ಮುಗೀತಿರಲಿಲ್ಲ.

ಹಂಗಂತ ಸೋತ ತಕ್ಷಣ ಕುತ್ತಿಗೆ ಹಿಡಿದು ದಬ್ಬಿ ಅಂತ ನಾನು ಹೇಳ್ತಿಲ್ಲ. ಮ್ಯಾಂಚೆಸ್ಟರ್ ಸಿಟಿ ಕೋಚ್ ಗಾರ್ಡಿಯೋಲಾ ಅವರ 2024ರ ವಿಷ್ಯ ನೋಡಿ. ನಮ್ಮ ಊರನ್ನ ಕಾಟನ್ ಮಿಲ್ಲುಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು, ಈಗ ಇಲ್ಲಿ ಮ್ಯಾಂಚೆಸ್ಟರ್ ಅಂದ್ರೆ ಹಾಸ್ಟೆಲ್ ಹುಡುಗರ ಜರ್ಸಿ ಮಾತ್ರ, ಯುನೈಟೆಡ್‌ನ ಕೆಂಪು ಹಾಕೋರು ಅರ್ಧ, ಸಿಟಿಯ ತಿಳಿನೀಲಿ ಹಾಕೋರು ಅರ್ಧ. 2024ರ ನವೆಂಬರಲ್ಲಿ ಆ ತಿಳಿನೀಲಿ ಹುಡುಗರು ಮುಖ ಕೆಳಗೆ ಹಾಕ್ಕೊಂಡು ಓಡಾಡ್ತಿದ್ರು. ಸತತ ನಾಲ್ಕು ಲೀಗ್ ಗೆದ್ದ ಮ್ಯಾಂಚೆಸ್ಟರ್ ಸಿಟಿ ಸಾಲಾಗಿ ಸೋಲ್ತಾ ಇತ್ತು, ನಡುವೆನೇ ಕ್ಲಬ್ ಅವರಿಗೆ 2027ರವರೆಗೆ ಕಾಂಟ್ರ್ಯಾಕ್ಟ್ ಕೊಡ್ತು, ಎರಡು ದಿನಕ್ಕೆ ಟಾಟನ್‌ಹ್ಯಾಮ್ ಬಂದು ಅವರ ಮನೇಲೇ 4-0 ಹೊಡೀತು! ಅದಾದ ಮೇಲೆ ಫೆಯೆನೂರ್ಡ್ ಮ್ಯಾಚು, 3-0 ಮುಂದಿದ್ದೋರು 3-3 ಮಾಡ್ಕೊಂಡ್ರು, ಮ್ಯಾಚ್ ಮುಗಿಸಿ ಬಂದ ಗಾರ್ಡಿಯೋಲಾ ಮೂಗಿನ ಮೇಲೆ ಗೀರು, ತಮ್ಮ ಉಗುರಿಂದ ತಾವೇ ಪರಚಿಕೊಂಡಿದ್ದು.

ಇಲ್ಲಿ ಮಾತ್ರ ಕ್ಲಬ್ ಮಾಡಿದ್ದು ಸರಿ ಅಂತೀನಿ, ಯಾಕಂದ್ರೆ ಕಾಯಿಲೆ ಏನು ಅಂತ ಕಣ್ಣಿಗೆ ಕಾಣ್ತಿತ್ತು. ಸೆಪ್ಟೆಂಬರಲ್ಲೇ ರಾಡ್ರಿ ಮೊಣಕಾಲು ಹೋಗಿತ್ತು, ನಡುಮಧ್ಯದಲ್ಲಿ ಆಟ ಹಿಡಿಯೋನೇ ಇಲ್ಲ, ಟೀಮಿಗೆ ವಯಸ್ಸಾಗಿತ್ತು. ಜನವರಿ-ಫೆಬ್ರವರಿಲಿ ಮರ್ಮೂಶ್, ನಿಕೊ ಗೊನ್ಸಾಲೆಜ್ ಅಂತ ಹೊಸಬ್ರನ್ನ ತಂದ್ರು, ಸೀಸನ್ ಮೂರನೇ ಸ್ಥಾನದಲ್ಲಿ ಮುಗೀತು. ದೊಡ್ಡ ಕಪ್ ಬರಲಿಲ್ಲ, ಎಫ್‌ಎ ಕಪ್ ಫೈನಲಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದುರು ಸೋತ್ರು, ಆದ್ರೆ ಬಿದ್ದ ಟೀಮು ಎದ್ದು ನಿಂತಿದ್ದಂತೂ ನಿಜ. ಕೋಚ್ ತಾನೇ ತಪ್ಪು ಹುಡುಕಿ ರಿಪೇರಿ ಮಾಡ್ತಿದ್ದಾನೆ ಅಂದ್ರೆ ಟೈಂ ಕೊಡಿ, ಅದೇ ತಪ್ಪು ವರ್ಷಾ ವರ್ಷಾ ವಾಪಸ್ ಬರ್ತಿದೆ ಅಂದ್ರೆ ಹಳೇ ಕಪ್ಪುಗಳನ್ನ ಲೆಕ್ಕಕ್ಕೆ ಹಿಡೀಬೇಡಿ.

ಹಿರಿಯರು ಮ್ಯಾಂಚೆಸ್ಟರ್ ಯುನೈಟೆಡ್ ಕೋಚ್ ಆಗಿದ್ದ ಫರ್ಗ್ಯೂಸನ್ ಹೆಸರೂ ಎತ್ತಿದ್ರು, 1986ರಲ್ಲಿ ಬಂದ ಮನುಷ್ಯನಿಗೆ ಮೊದಲನೇ ಕಪ್ ಸಿಕ್ಕಿದ್ದೇ 1990ರಲ್ಲಿ, ಕಾದಿದ್ದಕ್ಕೆ ತಾನೇ 13 ಲೀಗ್ ಬಂತು ಅಂತ. ಸರಿ ಸರ್, ಆದ್ರೆ ಅದು ಹೊಸದಾಗಿ ಕಟ್ತಿದ್ದೋರಿಗೆ ಕೊಟ್ಟ ಟೈಮು, ಕಟ್ಟಿ ಮುಗಿಸಿ ಇಳೀತಿರೋರಿಗಲ್ಲ. ಇನ್ನೊಂದು ವಿಷ್ಯ ನೀವು ಬಿಟ್ರಿ, 2013ರಲ್ಲಿ ಲೀಗ್ ಗೆದ್ದು ಅವರಾಗೇ ಹೋದಾಗ ಮುಂದಿನ ಕೋಚ್ ಯಾರು ಅನ್ನೋದನ್ನೂ ಕ್ಲಬ್ಬು ಅವರ ಮಾತಿನ ಮೇಲೇ ಬಿಡ್ತು, ಡೇವಿಡ್ ಮೋಯ್ಸ್‌ಗೆ ಆರು ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟು ಹತ್ತೇ ತಿಂಗಳಿಗೆ ತೆಗೆದ್ರು.

ದೂರದ್ದು ಬಿಡಿ, ನಮ್ಮ ಬೆಂಗಳೂರು ಎಫ್‌ಸಿ. ಕೋಚ್ ಕಾರ್ಲೆಸ್ ಕ್ವಾಡ್ರಾಟ್ 2019ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಗೆಲ್ಲಿಸಿಕೊಟ್ರು, 2021ರ ಜನವರಿಲಿ ಮೂರು ಮ್ಯಾಚ್ ಸಾಲಾಗಿ ಸೋತಿದ್ದಕ್ಕೆ ಅರ್ಧ ಸೀಸನಲ್ಲೇ ಹೊರಗೆ. ತೆಗೆದು ಸಿಕ್ಕಿದ್ದೇನು, ಆ ಸಲ ಪ್ಲೇಆಫ್ ಮುಖನೂ ನೋಡಲಿಲ್ಲ. ಇಲ್ಲಿ ಅವಸರ ಜಾಸ್ತಿ ಆಯ್ತು, ಆರ್ಸೆನಲ್ಲಲ್ಲಿ ದಾಕ್ಷಿಣ್ಯ ಜಾಸ್ತಿ ಆಯ್ತು.

ಮರ್ಯಾದೆ ಮಾಡೋಕೆ ಬೇಕಾದಷ್ಟು ದಾರಿ ಇದೆ. ಎಮಿರೇಟ್ಸ್ ಹೊರಗೆ 2023ರಲ್ಲಿ ವೆಂಗರ್ ಪ್ರತಿಮೆ ನಿಲ್ಲಿಸಿದ್ರು, ಹಿಂದೆ ಬೇಡ ಬೇಡ ಅಂತ ಕೂಗಿದ್ದೋರೂ ಈಗ ಅದರ ಪಕ್ಕ ನಿಂತು ಸೆಲ್ಫಿ ತಗೋತಿರ್ಬಹುದು. ಹರಿಹರದ ಹಿರಿಯರು ಇದಕ್ಕೆ ಉತ್ತರ ಬರೀತಾರೆ ಅಂತ ಗ್ಯಾರಂಟಿ ಇದೆ. ಬರೀಲಿ, ಆದ್ರೆ 2017ರಲ್ಲಿ ಕೊಟ್ಟ ಆ ಎರಡು ವರ್ಷದ ಕಾಂಟ್ರ್ಯಾಕ್ಟಿಂದ ವೆಂಗರ್‌ಗೇ ಆಗ್ಲಿ ಕ್ಲಬ್ಬಿಗೇ ಆಗ್ಲಿ ಏನು ಲಾಭ ಆಯ್ತು ಅನ್ನೋದನ್ನ ಮೊದಲು ಹೇಳ್ಲಿ.

ಇಂತಿ,
ನಿಮ್ಮ ಓದುಗ
ವಿದ್ಯಾನಗರ, ದಾವಣಗೆರೆ